ಒಲವು, ವಾಲುವಿಕೆ ಮತ್ತು ನಾನು ಬರೆದ ಒಂದು ತಪ್ಪು ಪದ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಶಾಲೆಯ ನೆನಪುಗಳ ಬಗ್ಗೆ ಮಾತಾಡಿ ಅಂತ ಸಮಿತಿಯವರು ಕೇಳಿದ್ದರು. ನಿನ್ನೆಯಿಂದ ಎಂಟು ಜನ ನೆನಪುಗಳನ್ನೇ ಹೇಳಿದ್ದಾರೆ. ಬಾವಿಗೆ ಬಿದ್ದ ಗಂಟೆ, ಸೋರುತ್ತಿದ್ದ ಹೆಂಚು, ಹುಣಸೆಮರದ ಕೆಳಗಿನ ಎಂಟನೇ ಕ್ಲಾಸು ಎಲ್ಲಾ ಆಗಿದೆ. ಹಾಗಾಗಿ ನಾನು ಒಂದು ಪಾಠ ಮಾಡುತ್ತೇನೆ. ಇದು ಈ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ ಪಾಠ. ಹೋದ ತಿಂಗಳು ಫೋನ್ ಮಾಡಿ, "ಸರ್, ಭಾಷಣಕ್ಕೆ ಬರ್ತೀರಂತೆ. ಆವತ್ತು ನನ್ನ ಬಗ್ಗೆ ಒಂದು ಪದ ಬರೆದಿದ್ರಲ್ಲ, ಅದರ ಅರ್ಥ ಸರಿಯಾಗಿ ಹೇಳಿ" ಅಂದರು. ಅವರು ಈ ಸಭೆಯಲ್ಲೇ ಇದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ.

ಆ ಪದ 'ಪ್ರೋನ್'.

ಮೊದಲು ಪದದ ವಿಷಯ, ಆಮೇಲೆ ನಾನು ಮಾಡಿದ ತಪ್ಪಿನ ವಿಷಯ. ಮನುಷ್ಯ ಒಂದು ಕಡೆಗೆ ವಾಲುವುದನ್ನು ಹೇಳಲು ಇಂಗ್ಲಿಷಿನಲ್ಲಿ ಒಂದು ದೊಡ್ಡ ಕುಟುಂಬವೇ ಇದೆ. ಟೆಂಡೆನ್ಸಿ, ಇನ್‌ಕ್ಲಿನೇಷನ್, ಲೀನಿಂಗ್, ಬೆಂಟ್, ಪ್ರೊಪೆನ್ಸಿಟಿ, ಪ್ರೊಕ್ಲಿವಿಟಿ, ಪೆನ್‌ಚಂಟ್, ಪ್ರಿಡಿಲೆಕ್ಷನ್, ಬಯಾಸ್. ನಿಘಂಟು ತೆಗೆದರೆ ಎಲ್ಲದರ ಮುಂದೆಯೂ 'ಪ್ರವೃತ್ತಿ, ಒಲವು' ಅಂತ ಬರೆದಿರುತ್ತದೆ. ನಮ್ಮ ಮಕ್ಕಳು ಆ ಒಂದು ಅರ್ಥ ಬಾಯಿಪಾಠ ಮಾಡಿ, ಕೈಗೆ ಸಿಕ್ಕಿದ ಪದ ಎತ್ತಿ ಬರೆಯುತ್ತಾರೆ. ಮಕ್ಕಳನ್ನೇಕೆ ದೂರಲಿ, ಮೇಷ್ಟ್ರಾದ ನಾನೂ ಹಾಗೇ ಬರೆದವನು.

ಆದರೆ ಈ ವಿಷಯದಲ್ಲಿ ನಮ್ಮವರಿಗಿರುವ ಸೂಕ್ಷ್ಮ ಕಡಿಮೆಯೇನಲ್ಲ. ನಮ್ಮ ಹುಡುಗನದು ಆಸಕ್ತಿ, ಪಕ್ಕದ ಮನೆಯವನದು ಚಟ. ಮಗಳದು ಅಭ್ಯಾಸ, ಸೊಸೆಯದು ಚಾಳಿ. ಸ್ವಲ್ಪ ಹೆಚ್ಚಾದರೆ ಗೀಳು, ಇನ್ನೂ ಹೆಚ್ಚಾದರೆ ಹುಚ್ಚು. ಹಳ್ಳಿಯ ಜಗಲಿಯ ಮೇಲೆ ಕೂತ ಯಾವ ಅಜ್ಜಿಯೂ ಈ ಪದಗಳನ್ನು ಅದಲುಬದಲು ಮಾಡುವುದಿಲ್ಲ. ಚಾಳಿ ಅಂದರೆ ಆಕೆ ತೀರ್ಪು ಕೊಟ್ಟಾಯಿತು ಅಂತ ಲೆಕ್ಕ. ಇಂಗ್ಲಿಷಿನಲ್ಲೂ ಅಷ್ಟೇ. ಯಾವ ಪದ ತೀರ್ಪು ಕೊಡುತ್ತದೆ, ಯಾವುದು ಕಂಡದ್ದನ್ನು ಮಾತ್ರ ಹೇಳುತ್ತದೆ, ಅದು ಗೊತ್ತಾದರೆ ಅರ್ಧ ಪಾಠ ಮುಗಿದಂತೆ.

ಕಂಡದ್ದನ್ನು ಮಾತ್ರ ಹೇಳುವ ಪದ 'ಟೆಂಡ್'. ಇದರ ಲ್ಯಾಟಿನ್ ಮೂಲಕ್ಕೆ ಎಳೆ, ಚಾಚು, ಬಿಗಿ ಅನ್ನುವ ಅರ್ಥ. ಬಟ್ಟೆ ಎಳೆದು ಬಿಗಿದು ಕಟ್ಟಿದರೆ ಟೆಂಟ್. ಇಲ್ಲಿರುವ ಹಿರಿಯರೆಲ್ಲ ಟೆಂಟ್ ಸಿನಿಮಾದಲ್ಲಿ ನೆಲದ ಟಿಕೆಟ್ ತೆಗೆದುಕೊಂಡವರೇ. ಮನಸ್ಸು ಎಳೆದು ಬಿಗಿದರೆ ಟೆನ್ಷನ್. ಅದರ ಅರ್ಥ ಈಗ ದನ ಕಾಯುವ ಹುಡುಗನಿಗೂ ಗೊತ್ತು. ಮನಸ್ಸನ್ನು ಒಂದು ಕಡೆಗೆ ಚಾಚಿದರೆ ಅಟೆನ್ಷನ್. ಚಾಚಿಕೊಂಡು ಬಂದು ಕೂತರೆ ಅಟೆಂಡೆನ್ಸ್. ದಿನಾ ಬೆಳಿಗ್ಗೆ ನಾನು ಕೂಗುತ್ತಿದ್ದ ಹಾಜರಿ ಪುಸ್ತಕದ ಹೆಸರೂ, ಟೆಂಡೆನ್ಸಿ ಅನ್ನುವ ಪದವೂ ಒಂದೇ ಬೇರಿನವು. ಇದು ನನಗೆ ತಿಳಿದದ್ದು ನೌಕರಿಗೆ ಸೇರಿ ಹದಿನೈದು ವರ್ಷ ಆದ ಮೇಲೆ.

'ಟೆಂಡ್' ಪದ ಕಲಿಸುವಾಗ ಮಕ್ಕಳು ಮಾಡುವ ತಪ್ಪು ಒಂದೇ: 'ಐ ಆಮ್ ಟೆಂಡ್ ಟು'. ಕನ್ನಡದಲ್ಲಿ 'ನಾನು ಪ್ರವೃತ್ತಿಯುಳ್ಳವನಾಗಿದ್ದೇನೆ' ಅಂತ ಮನಸ್ಸಿನೊಳಗೆ ಕಟ್ಟಿಕೊಂಡು ಬರೆಯುವುದರಿಂದ ಹೀಗಾಗುತ್ತದೆ. ಅಂಥ ಕನ್ನಡವನ್ನು ಯಾರು ಮಾತಾಡುತ್ತಾರೆ? ನಾವು ಹೇಳುವುದು, 'ಸಂಜೆ ಹೊತ್ತು ಮಳೆ ಬರುವುದುಂಟು' ಅಂತ. ಆ 'ಉಂಟು' ಇದೆಯಲ್ಲ, ಅದೇ 'ಟೆಂಡ್ಸ್ ಟು'. ಇದನ್ನು ಕಂಡುಕೊಂಡ ಮೇಲೆ ನನ್ನ ಕ್ಲಾಸು ಸುಲಭವಾಯಿತು. ಮನೆಯಲ್ಲಿ ಯಾರು ಏನು ಮಾಡುವುದುಂಟು, ನೋಡಿಕೊಂಡು ಬಂದು ಒಂದು ವಾಕ್ಯ ಬರೆಯಿರಿ ಅನ್ನುತ್ತಿದ್ದೆ. 'ಅವರ್ ಗೋಟ್ ಟೆಂಡ್ಸ್ ಟು ಈಟ್ ದಿ ನೈಬರ್ಸ್ ಮಲ್ಬರಿ' ಅಂತ ಒಬ್ಬ ಬರೆದ. ಪಕ್ಕದ ಮನೆಯವನೂ ಅದೇ ಕ್ಲಾಸಿನಲ್ಲಿದ್ದದ್ದರಿಂದ ಆವತ್ತು ಪಂಚಾಯಿತಿ ನಾನೇ ಮಾಡಬೇಕಾಯಿತು. ಚಿಂತಾಮಣಿ ಕಡೆಯ ಶಾಲೆಯಲ್ಲಿ ಒಬ್ಬ ಹುಡುಗಿ ಬರೆದಳು: 'ದಿ ಪ್ರೈಸ್ ಆಫ್ ಟೊಮ್ಯಾಟೊ ಟೆಂಡ್ಸ್ ಟು ಫಾಲ್ ವೆನ್ ಅವರ್ ಕ್ರಾಪ್ ಕಮ್ಸ್'. ವ್ಯಾಕರಣದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅರ್ಥಶಾಸ್ತ್ರದಲ್ಲೂ ಇರಲಿಲ್ಲ.

ಚಿಂತಾಮಣಿಯ ಹೆಸರು ಬಂತು. ಅಲ್ಲಿ ಕ್ಲಾಸಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮನೆಮಾತು ತೆಲುಗು. ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡು ಕಟ್ಟಿದ ಸೀಮೆ ಅದು. 'ಇನ್‌ಕ್ಲಿನೇಷನ್' ಅಂದರೆ ಏನು ಅಂತ ನಾನು ಕೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ 'ಮೊಗ್ಗು ಸಾ' ಅಂದ. ಕನ್ನಡ ಮನೆಯ ಮಕ್ಕಳು ನಕ್ಕರು. ನನಗೆ ಸಿಟ್ಟು ಬಂತು, ಹೂವಿನ ಮೊಗ್ಗಿಗೂ ಇದಕ್ಕೂ ಏನಯ್ಯಾ ಸಂಬಂಧ ಅಂತ ಗದರಿದೆ. ಅವನು ಎದ್ದು ನಿಂತು, ಎರಡು ಕೈ ಚಾಚಿ, ಒಂದು ಕೈ ಕೆಳಗೆ ಇಳಿಸಿ ತೋರಿಸಿದ. ತಕ್ಕಡಿ. ತೆಲುಗಿನಲ್ಲಿ ತಕ್ಕಡಿ ಒಂದು ಕಡೆಗೆ ವಾಲಿದರೆ ಅದಕ್ಕೆ ಮೊಗ್ಗು ಅನ್ನುತ್ತಾರೆ. ಮನಸ್ಸು ಒಂದು ಕಡೆ ವಾಲಿದರೂ 'ಮೊಗ್ಗು ಚೂಪು'. ಅವನ ಅಪ್ಪ ಸಂತೆಯಲ್ಲಿ ತರಕಾರಿ ತೂಗುವವರು. ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ.

ಆ ತಕ್ಕಡಿಯಿಂದಲೇ ನಾನು 'ಪ್ರೊಪೆನ್ಸಿಟಿ' ಕಲಿಸಿದೆ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಮುಂದಕ್ಕೆ ತೂಗುಬೀಳುವುದು. ತೂಗು, ತೂಗುಹಾಕು ಎರಡಕ್ಕೂ ಅಲ್ಲಿ ಒಂದೇ ಬೇರು, ನಮ್ಮಲ್ಲಿ ಇದ್ದ ಹಾಗೆಯೇ. ತಾಲ್ಲೂಕು ಆಫೀಸಿನಲ್ಲಿ ನಿಮ್ಮ ಪಹಣಿ ತಿದ್ದುಪಡಿ ಅರ್ಜಿ 'ಪೆಂಡಿಂಗ್' ಇದೆ ಅಂದರೆ, ತೂಗುಬಿದ್ದಿದೆ ಅಂತಲೇ ಅರ್ಥ. ನೌಕರನನ್ನು ಸಸ್ಪೆಂಡ್ ಮಾಡಿದರೂ ಅದೇ, ಮೇಲಕ್ಕೆ ನೇತುಹಾಕುವುದು. ಹೀಗೆ ಗೊತ್ತಿರುವ ನಾಲ್ಕು ಪದಗಳ ಪಕ್ಕದಲ್ಲಿ ಗೊತ್ತಿಲ್ಲದ ಒಂದನ್ನು ಕೂರಿಸಿದರೆ ಅದು ಓಡಿಹೋಗುವುದಿಲ್ಲ. ನೂರು ಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರೆ ಮಕ್ಕಳು ಗೋಡೆ ನೋಡುತ್ತಾರೆ, ಅಷ್ಟೇ. 'ಇನ್‌ಕ್ಲೈನ್' ಪದಕ್ಕೂ ನಮ್ಮೂರಿನ ಕ್ಲಿನಿಕ್ಕಿಗೂ ನೆಂಟಸ್ತನವಿದೆ ಅಂದಾಗ ಯಾರೂ ನಂಬಲಿಲ್ಲ. ಒಂದು ವಾಲಿಕೊಳ್ಳುವುದು, ಇನ್ನೊಂದು ರೋಗಿ ಒರಗಿಕೊಂಡ ಹಾಸಿಗೆಯಿಂದ ಬಂದದ್ದು.

ಈ ಕುಟುಂಬದ ಪದಗಳೆಲ್ಲ ಹೀಗೆಯೇ, ಮೈ ವಾಲುವುದು, ಬಾಗುವುದು, ಜಾರುವುದು. 'ಪ್ರೊಕ್ಲಿವಿಟಿ' ಅಂದರೆ ಇಳಿಜಾರು. ಇದನ್ನು ಗೌರಿಬಿದನೂರಿನಲ್ಲಿ ಕಲಿಸುವಾಗ ನನಗೆ ನಂದಿಯ ಬೆಟ್ಟಸಾಲು ನೆನಪಾಗುತ್ತಿತ್ತು. ಅಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಒಂದು ಮಗ್ಗುಲಿಗೆ ಬಿದ್ದ ಹನಿ ಉತ್ತರ ಪಿನಾಕಿನಿಯಾಗಿ ಗೌರಿಬಿದನೂರಿನ ಮೇಲೆ ಆಂಧ್ರಕ್ಕೆ. ಇನ್ನೊಂದು ಮಗ್ಗುಲಿನದು ದಕ್ಷಿಣ ಪಿನಾಕಿನಿಯಾಗಿ ಹೊಸಕೋಟೆಯ ಕಡೆಯಿಂದ ತಮಿಳುನಾಡಿಗೆ. ಮತ್ತೊಂದು ಅರ್ಕಾವತಿಯಾಗಿ ಕಾವೇರಿಗೆ. (ಮಳೆ ಬಿದ್ದರೆ ಅನ್ನಿ, ನಮ್ಮ ನದಿಗಳನ್ನು ನಕ್ಷೆಯಲ್ಲಿ ನೋಡುವುದೇ ಹೆಚ್ಚು.) ಹನಿ ಹನಿಗೆ ಸ್ವಭಾವದಲ್ಲಿ ವ್ಯತ್ಯಾಸವಿಲ್ಲ, ವ್ಯತ್ಯಾಸ ಅದು ಬಿದ್ದ ಇಳಿಜಾರಿನದು. ಆದರೆ ಇಂಗ್ಲಿಷ್ ಬಳಕೆಯಲ್ಲಿ ಈ ಪದಕ್ಕೆ ಒಂದು ಕೊಂಕು ಅಂಟಿಕೊಂಡಿದೆ. ಮೆಚ್ಚುವಂಥ ಗುಣಕ್ಕೆ ಪ್ರೊಕ್ಲಿವಿಟಿ ಅನ್ನುವುದು ಕಡಿಮೆ. ಮೆಚ್ಚಿಕೊಂಡು ಹೇಳುವಾಗ 'ಬೆಂಟ್' ಅನ್ನುತ್ತಾರೆ, ಎಳೆಯ ಗಿಡ ಬೆಳಕಿನ ಕಡೆ ಬಾಗಿದ ಹಾಗೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರನ್ನೇ ನೋಡಿ. ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿ, ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಭೌತಶಾಸ್ತ್ರ ಕಲಿಸಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ಅವರನ್ನು ಮೆಚ್ಚುವವನು 'ಎ ಬೆಂಟ್ ಫಾರ್ ಕ್ವೆಶ್ಚನಿಂಗ್' ಅಂತ ಬರೆಯುತ್ತಾನೆ. ಅವರಿಂದ ಇರಿಸುಮುರಿಸಾದವನು 'ಎ ಪ್ರೊಕ್ಲಿವಿಟಿ ಫಾರ್ ಡೌಟಿಂಗ್' ಅಂತ ಬರೆಯುತ್ತಾನೆ. ಮನುಷ್ಯ ಒಬ್ಬನೇ, ಮಾಡಿದ ಕೆಲಸ ಒಂದೇ. ವಾಲಿರುವುದು ಬರೆಯುವವನ ಕೈ.

ಇನ್ನುಳಿದವನ್ನು ಬೇಗ ಮುಗಿಸುತ್ತೇನೆ, ಊಟದ ಮನೆಯಿಂದ ಸಾರಿನ ವಾಸನೆ ಬರುತ್ತಿದೆ. 'ಪೆನ್‌ಚಂಟ್' ಫ್ರೆಂಚಿನಿಂದ ಬಂದ ಪದ, ಅದಕ್ಕೂ ವಾಲುವುದು ಅಂತಲೇ ಅರ್ಥ. ಖಯಾಲಿ, ಶೋಕಿಗೆ ಹತ್ತಿರ. ನಮ್ಮ ಡ್ರಿಲ್ ಮೇಷ್ಟ್ರಿಗೆ ಬಣ್ಣದ ಟೋಪಿಯ ಪೆನ್‌ಚಂಟ್ ಇತ್ತು. 'ಪ್ರಿಡಿಲೆಕ್ಷನ್' ಪದದೊಳಗೆ ಪ್ರೀತಿ ಇದೆ, ಮೊದಲೇ ಹುಟ್ಟಿದ ಒಲವು. ಅದರದೇ ಬೇರಿನ ಇನ್ನೊಂದು ಪದ ನಿಮ್ಮ ಅಂಕಪಟ್ಟಿಯಲ್ಲಿ ಇರುತ್ತಿತ್ತು, 'ಡಿಲಿಜೆಂಟ್'. ಪ್ರೀತಿಯಿಂದ ಕೆಲಸ ಮಾಡುವವನು ಅಂತ. ಇವುಗಳ ಮುಂದೆ 'ಫಾರ್' ಬರುತ್ತದೆ, ಟೆಂಡ್, ಇನ್‌ಕ್ಲೈನ್ಡ್, ಪ್ರೋನ್ ಮುಂದೆ 'ಟು' ಬರುತ್ತದೆ. ಪರೀಕ್ಷೆಯಲ್ಲಿ ಮಾರ್ಕು ಹೋಗುವುದು ಈ ಚಿಕ್ಕ ಪದಗಳಲ್ಲಿ, ಹತ್ತನೇ ತರಗತಿಯವರು ಬರೆದುಕೊಳ್ಳಿ.

ಈಗ 'ಪ್ರೋನ್'.

ಲ್ಯಾಟಿನ್ನಿನಲ್ಲಿ ಇದರ ಅರ್ಥ ಮುಂದಕ್ಕೆ ಬಾಗಿದ, ಮುಖ ಅಡಿಯಾದ. ಇಂಗ್ಲಿಷಿನಲ್ಲಿ ಇಂದಿಗೂ ಬೋರಲು ಮಲಗಿದವನನ್ನು 'ಲೈಯಿಂಗ್ ಪ್ರೋನ್' ಅನ್ನುತ್ತಾರೆ. ಬೋರಲು. ಮುಗ್ಗರಿಸಿ ಬೀಳುವುದಕ್ಕೆ ತಯಾರಾಗಿರುವ ಭಂಗಿ. ಹಾಗಾಗಿ ಈ ಪದ ಒಳ್ಳೆಯದರ ಜೊತೆ ಹೋಗುವುದಿಲ್ಲ. ಅಪಘಾತಕ್ಕೆ ಪ್ರೋನ್, ರೋಗಕ್ಕೆ ಪ್ರೋನ್, ಸಿಟ್ಟಿಗೆ ಪ್ರೋನ್. ಫಸ್ಟ್ ಕ್ಲಾಸಿಗೆ ಪ್ರೋನ್ ಅಂತ ಯಾರೂ ಬರೆಯುವುದಿಲ್ಲ. ನಮ್ಮ ಸೀಮೆಯ ರೈತರಿಗೆ ಈ ಪದ ಹೊಸದಲ್ಲ. ಕೇಂದ್ರ ಸರ್ಕಾರ 1973-74ರಲ್ಲಿ ಬರಪೀಡಿತ ಪ್ರದೇಶಗಳಿಗೆ ಒಂದು ಕಾರ್ಯಕ್ರಮ ತಂದಿತು, ಇಂಗ್ಲಿಷಿನಲ್ಲಿ ಡ್ರಾಟ್ ಪ್ರೋನ್ ಏರಿಯಾಸ್ ಪ್ರೋಗ್ರಾಂ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವ ಮೊದಲು, ಕೋಲಾರ ಜಿಲ್ಲೆಯ ಹೆಸರಿನ ಹಿಂದೆ 'ಡ್ರಾಟ್ ಪ್ರೋನ್' ಅನ್ನುವುದನ್ನು ಮನೆತನದ ಹೆಸರಿನಂತೆ ನಾವು ಕೇಳುತ್ತಲೇ ಬೆಳೆದೆವು.

ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಈ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗ. ಲೆಕ್ಕದಲ್ಲಿ ಚುರುಕು, ಬಾಯಲ್ಲೇ ಗುಣಾಕಾರ ಮಾಡುವನು. ಆದರೆ ಆಗಾಗ ನಾಲ್ಕೈದು ದಿನ ನಾಪತ್ತೆ. ಕೇಳಿದರೆ ತಲೆ ಬಗ್ಗಿಸಿ ನಿಲ್ಲುವನು. ಪಟ್ಟಣದ ಒಂದು ಉಚಿತ ವಿದ್ಯಾರ್ಥಿನಿಲಯಕ್ಕೆ ಅವನ ಅರ್ಜಿ ಹೋಗಬೇಕಿತ್ತು, ತರಗತಿ ಶಿಕ್ಷಕರ ಅಭಿಪ್ರಾಯ ಇಂಗ್ಲಿಷಿನಲ್ಲಿ ಬೇಕಿತ್ತು. ನಾನು ಆಗ ಹೊಸ ಪದಗಳ ಹುರುಪಿನಲ್ಲಿದ್ದೆ. ಇಂಗ್ಲಿಷ್ ಬಲ್ಲ ಮೇಷ್ಟ್ರು ಅಂತ ಅಲ್ಲಿನವರಿಗೆ ಗೊತ್ತಾಗಲಿ ಅನ್ನುವ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. 'ಇಂಟೆಲಿಜೆಂಟ್, ಬಟ್ ಪ್ರೋನ್ ಟು ಆಬ್ಸೆನ್ಸ್' ಅಂತ ಬರೆದು, ಸೀಲು ಹಾಕಿ ಕಳಿಸಿದೆ.

ಹದಿನೈದು ದಿನ ಆದ ಮೇಲೆ ಅವನ ತಾಯಿ ಬಂದರು. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿ ಹಿಂದಿರುಗುವ ದಾರಿಯಲ್ಲಿ ಇಳಿದಿದ್ದರು. "ಮೇಷ್ಟ್ರೇ, ನಮ್ಮ ಹುಡುಗನ ಮೇಲೆ ಏನು ಬರೆದ್ರಿ, ಸ್ವಲ್ಪ ಓದಿ ಹೇಳಿ" ಅಂದರು. ನನ್ನ ಹತ್ತಿರ ಕಾರ್ಬನ್ ಪ್ರತಿ ಇತ್ತು. ಓದಿದೆ. ಕನ್ನಡದಲ್ಲಿ ಹೇಳಬೇಕಲ್ಲ, ಬಾಯಿಗೆ ಬಂದದ್ದು 'ಬುದ್ಧಿವಂತ, ಆದರೆ ತಪ್ಪಿಸಿಕೊಳ್ಳುವ ಚಾಳಿ ಇದೆ' ಅಂತ. ಹೇಳಿದ ತಕ್ಷಣ ನನಗೇ ಕೇಳಿಸಿತು.

ಆಕೆ ಜೋರು ಮಾಡಲಿಲ್ಲ. "ಚಾಳಿ ಅಲ್ಲ ಮೇಷ್ಟ್ರೇ. ಹುಳ ಹಣ್ಣಾದಾಗ ಮನೇಲಿರೋ ಕೈಯೆಲ್ಲಾ ಬೇಕು. ಆವತ್ತು ಆರಿಸಿ ಚಂದ್ರಿಕೆಗೆ ಬಿಡದೇ ಹೋದ್ರೆ ತಿಂಗಳ ಕಷ್ಟ ಎಲ್ಲಾ ತಿಪ್ಪೆಗೆ" ಅಂದರು.

ರೇಷ್ಮೆ ಸೀಮೆಯಲ್ಲಿ ನೌಕರಿ ಮಾಡುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ದಿನಾ ಸೈಕಲ್ ತುಳಿದುಕೊಂಡು ಬರುವವನು ನಾನು. ಹುಳು ನಾಲ್ಕು ಜ್ವರ ಏಳಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಅದು ತಿನ್ನುವ ಸೊಪ್ಪು, ಅದುವರೆಗೆ ತಿಂದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ರಾತ್ರಿ ಮಲಗಿದರೆ ಸೋಗೆಯ ಮೇಲೆ ಮಳೆ ಬಿದ್ದಂತೆ ಸದ್ದು. ಹಗಲೂ ರಾತ್ರಿ ಸೊಪ್ಪು ತರಬೇಕು. ಆಮೇಲೆ ಮೈ ಪಾರದರ್ಶಕವಾಗಿ ಹಣ್ಣಾಗುತ್ತದೆ, ಅದನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು. ಅದಕ್ಕೆ ಭಾನುವಾರ, ಕಿರುಪರೀಕ್ಷೆ ಯಾವುದೂ ಗೊತ್ತಿಲ್ಲ.

ಆಕೆ ಹೋದ ಮೇಲೆ ಹಾಜರಿ ಪುಸ್ತಕ ತೆಗೆದೆ. ಅವನ ಸಾಲಿನಲ್ಲಿ ಕೆಂಪು ಗುರುತುಗಳು ಗುಂಪುಗುಂಪಾಗಿ ಇದ್ದವು, ಸುಮಾರು ಎರಡು ತಿಂಗಳಿಗೊಂದು ಗುಂಪು. ವರ್ಷಕ್ಕೆ ಐದಾರು ಬೆಳೆ. ಮೇಲಿನ ಸಾಲು, ಕೆಳಗಿನ ಸಾಲು ನೋಡಿದೆ. ಇನ್ನೂ ಹನ್ನೊಂದು ಮಕ್ಕಳ ಸಾಲಿನಲ್ಲಿ ಅದೇ ಬಗೆಯ ಗುಂಪುಗಳು, ದಿನಗಳು ಮಾತ್ರ ಬೇರೆ. ನನ್ನ ಕೈಯಿಂದಲೇ ಹಾಕಿದ ಗುರುತುಗಳು. ಆ ಪುಸ್ತಕದಲ್ಲಿ ಇದ್ದದ್ದು ಟೆಂಡೆನ್ಸಿ. ಎಣಿಸಬಹುದಾದದ್ದು, ಕಾರಣ ಕೇಳಬಹುದಾದದ್ದು. ನಾನು ಅದನ್ನು ಹುಡುಗನ ಮೈಯೊಳಗಿನ ರೋಗ ಮಾಡಿ ಬರೆದಿದ್ದೆ. ಹುಳಕ್ಕೆ ಸುಣ್ಣಕಟ್ಟು ಬರುವುದಕ್ಕೆ ಬರೆಯುವ ಪದವನ್ನು, ಹುಳ ಸಾಕುವ ಹುಡುಗನಿಗೆ ಬರೆದಿದ್ದೆ.

ಅವತ್ತು ರಾತ್ರಿಯೇ ಇನ್ನೊಂದು ಪತ್ರ ಬರೆದೆ. 'ಟೆಂಡ್ಸ್ ಟು ಬಿ ಆಬ್ಸೆಂಟ್ ವೆನ್ ದಿ ಸಿಲ್ಕ್‌ವರ್ಮ್ಸ್ ಆರ್ ರೆಡಿ ಟು ಸ್ಪಿನ್. ಹ್ಯಾಸ್ ಎ ಬೆಂಟ್ ಫಾರ್ ಅರಿತ್ಮೆಟಿಕ್.' ಅದು ತಲುಪುವ ಹೊತ್ತಿಗೆ ಪಟ್ಟಿ ಅಂಟಿಸಿ ಆಗಿತ್ತು, ಅವನ ಹೆಸರು ಇರಲಿಲ್ಲ. ನನ್ನ ಪದದಿಂದಲೇ ಸೀಟು ಹೋಯಿತು ಅಂತ ಯಾರೂ ಹೇಳಲಿಲ್ಲ. ಅರ್ಜಿಗಳು ಬಹಳ ಇದ್ದವು ಅಂದರು. ಇರಬಹುದು. ಆದರೆ ಆ ಪದವಂತೂ ನನ್ನದು.

ಅವನು ಇಲ್ಲೇ ಓದಿ ಎಸ್ಸೆಸ್ಸೆಲ್ಸಿ ಮುಗಿಸಿದ. ಹಣ್ಣಾಗುವ ವಾರಗಳಲ್ಲಿ ತಪ್ಪಿದ ಪಾಠವನ್ನು ಸಂಜೆ ಹೊತ್ತು ಮತ್ತೆ ಮಾಡುವುದನ್ನು ನಾನು ಆ ವರ್ಷದಿಂದ ಶುರುಮಾಡಿದೆ. ಹನ್ನೆರಡು ಮಕ್ಕಳಿದ್ದರಲ್ಲ, ಒಂದಲ್ಲ ಒಂದು ಮನೆಯಲ್ಲಿ ಯಾವಾಗಲೂ ಹುಳ ಹಣ್ಣಾಗುತ್ತಲೇ ಇತ್ತು, ಹಾಗಾಗಿ ಸಂಜೆಯ ಕ್ಲಾಸು ನಿಲ್ಲಲೇ ಇಲ್ಲ. ಮುಂದೆ ಅವರು ಕಾಲೇಜಿಗೆ ಹೋಗಲಿಲ್ಲ, ನೂಲು ಬಿಚ್ಚುವ ಕೆಲಸಕ್ಕೆ ಸೇರಿದರು, ಈಗ ತಮ್ಮದೇ ಘಟಕ ಇಟ್ಟಿದ್ದಾರೆ. ಈ ಶಾಮಿಯಾನದ ಬಾಡಿಗೆ ಅವರೇ ಕೊಟ್ಟದ್ದು. ಇಷ್ಟು ಹೇಳಿದರೆ ಹೆಸರು ಹೇಳಿದ ಹಾಗೆಯೇ ಆಯಿತೇನೋ, ಕ್ಷಮಿಸಬೇಕು.

ಅವರ ಮಗಳು ಈಗ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ನಾವು ಐದನೇ ಕ್ಲಾಸಿಗೆ ಎ ಬಿ ಸಿ ಡಿ ಬರೆದವರು, ಇವಳು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಕಲಿತವಳು. ನಿನ್ನೆ ಸಂಜೆ ಅವರ ಮನೆಯಲ್ಲಿ ಕಾಫಿ ಕುಡಿಯುವಾಗ ಹಳೆಯ ಅಭ್ಯಾಸದಂತೆ ಅವಳಿಗೆ ಒಂದು ವಾಕ್ಯ ಬರೆಯಲು ಹೇಳಿದೆ, ಮನೆಯಲ್ಲಿ ಯಾರು ಏನು ಮಾಡುವುದುಂಟು ಅಂತ. ಬರೆದು ತಂದು ತೋರಿಸಿದಳು: 'ಮೈ ಫಾದರ್ ಟೆಂಡ್ಸ್ ಟು ಕೌಂಟ್ ಎವರಿಥಿಂಗ್ ಟ್ವೈಸ್.' ಅವರಪ್ಪ ಓದಿ, "ಎಸ್ ಹಾಕಿದ್ದಾಳಾ ಸರ್, ಸರಿಯಾಗಿ ನೋಡಿ" ಅಂದರು. ಹಾಕಿದ್ದಳು.